ಟಲ್ಲಿಯ ಬಾಳೆತೋಟದಲ್ಲಿ ಕೂಲಿ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಅಂದರೆ ಊರಲ್ಲಿ ಮೊದಲು ಕೇಳುವುದೇ "ಪಿ.ಆರ್. ಆಯ್ತಾ?" ಅಂತ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ. ಇಲ್ಲ ಅಂದರೆ "ಹಂಗಾದ್ರೆ ಓದಕ್ಕೆ ಹೋಗಿದ್ದಾ?" ಅದೂ ಅಲ್ಲ ಅಂದರೆ ಮುಖ ಮುಖ ನೋಡುತ್ತಾರೆ. ಟಲ್ಲಿ ಎಂಬ ಊರಿನ ಬಾಳೆತೋಟದಲ್ಲಿ ಕೂಲಿ ಮಾಡಲು ಹೋಗಿದ್ದೆ ಅಂದಾಗ ನಮ್ಮ ದೊಡ್ಡಪ್ಪ ಕೂತಲ್ಲೇ ಬಗ್ಗಿ ನಕ್ಕರು. "ಇಲ್ಲಿರೋ ಗೊನೆ ಮುಟ್ದೆ ಇದ್ದೋನು, ಅಲ್ಲಿ ಗೊನೆ ಹೊರಕ್ಕೆ ದುಡ್ಡು ಕೊಟ್ಟು ಹೋಗಿದ್ಯಲ್ಲೋ!" ನಂಜನಗೂಡು ತಾಲ್ಲೂಕಿನವರು ನಾವು. ಮನೆ ಹಿಂದೆಯೇ ತೋಟ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವನು ನಾನು. ದೊಡ್ಡಪ್ಪ ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ನಾನು ಹೋದದ್ದು ವರ್ಕ್ ಅಂಡ್ ಹಾಲಿಡೇ ವೀಸಾದ ಮೇಲೆ. ಅದರ ನಂಬರ್ 462. ಯುರೋಪಿನ, ತೈವಾನಿನ, ಜಪಾನಿನ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ಹೀಗೆ ಹೋಗಿ, ಹಣ್ಣು ಕಿತ್ತು, ಹೋಟೆಲಿನಲ್ಲಿ ತಟ್ಟೆ ತೊಳೆದು, ಆ ದುಡ್ಡಲ್ಲಿ ದೇಶ ಸುತ್ತಿ ಬರುತ್ತಿದ್ದಾರೆ. ನಮಗೆ ಆ ಬಾಗಿಲು ತೆರೆದದ್ದು ಈಚೆಗೆ. 2022ರ ಏಪ್ರಿಲ್‌ನಲ್ಲಿ ಭಾರತ, ಆಸ್ಟ್ರೇಲಿಯಾ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 1,000 ಭಾರತೀಯರಿಗೆ ಈ ವೀಸಾ ಕೊಡುವ ಮಾತಿತ್ತು. ಯಾರಿಗೆ ಕೊಡಬೇಕೆಂದು ಚೀಟಿ ಎತ್ತಿ ಆರಿಸುತ್ತಾರೆ; ಮೊದಲ ಚೀಟಿಗೆ ಹೆಸರು ನೋಂದಾಯಿಸಲು ಬಿಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಎರಡು ವಾರದೊಳಗೆ ಸುಮಾರು 40,000 ಜನ ಹೆಸರು ಕೊಟ್ಟಿದ್ದರು ಎಂದು ಅಲ್ಲಿನ ಸಹಾಯಕ ಸಚಿವರೇ ಹೇಳಿದ್ದರು. ಸಿಗುವುದು ಅದೃಷ್ಟ, ಅಷ್ಟೇ.

ಯಾಕೆ ಇದನ್ನೇ ಮೊದಲು ಹೇಳುತ್ತಿದ್ದೇನೆ ಅಂದರೆ, ಈ ಅದೃಷ್ಟವನ್ನು ಮಾರಲು ಕೂತವರು ಬೀದಿಗೊಬ್ಬರಿದ್ದಾರೆ. ಮೈಸೂರಿನಲ್ಲಿ ಒಂದು ಕನ್ಸಲ್ಟೆನ್ಸಿಯವರು "ನಮ್ಮ ಮೂಲಕ ಹಾಕಿದರೆ ಸೆಲೆಕ್ಷನ್ ಗ್ಯಾರಂಟಿ" ಎಂದು ನನ್ನ ಗೆಳೆಯನಿಂದ ಮುಂಗಡ ಕಿತ್ತರು. ಕಂಪ್ಯೂಟರ್ ಎತ್ತುವ ಚೀಟಿಗೆ ಯಾರ ಶಿಫಾರಸೂ ನಡೆಯದು. ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್, ಆಸ್ಟ್ರೇಲಿಯಾ ಗೃಹ ಇಲಾಖೆಯ ಜಾಲತಾಣದಲ್ಲಿ ನೀವೇ ಖಾತೆ ತೆರೆದು ಹಾಕಬಹುದು. ಒಬ್ಬರಿಗೆ ಒಂದೇ ನೋಂದಣಿ. ಹೆಸರು ಬಂದರೆ ಇಮೇಲ್ ಬರುತ್ತದೆ, ಅಲ್ಲಿಂದ 28 ದಿನದೊಳಗೆ ಪೂರ್ತಿ ಅರ್ಜಿ ಹಾಕಬೇಕು. ಆ 28 ದಿನ ಅನ್ನುವುದು ನಮ್ಮ ಕಚೇರಿಗಳ ವೇಗಕ್ಕೆ ತೀರಾ ಕಡಿಮೆ. ಚೀಟಿಯಲ್ಲಿ ಹೆಸರು ಬರುವ ಮುಂಚೆಯೇ ಕಾಗದಗಳನ್ನು ಸರಿಮಾಡಿಟ್ಟುಕೊಂಡವರು ಗೆದ್ದರು.

ಕಾಗದ ಅಂದೆನಲ್ಲ, ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಹೆಸರು. ನೋಂದಣಿಗೆ ಪಾಸ್‌ಪೋರ್ಟ್ ಜೊತೆ ಪ್ಯಾನ್ ಕಾರ್ಡ್ ಕೇಳುತ್ತಾರೆ. ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಇರುತ್ತದೆ. ಪ್ಯಾನ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದದ್ದಕ್ಕೆ ಅಪ್ಪನ ಹೆಸರು ಸೇರಿರುತ್ತದೆ. ಪಾಸ್‌ಪೋರ್ಟ್ ಮಾಡಿಸಿದ ಏಜೆಂಟ್ ಊರಿನ ಹೆಸರನ್ನು ಸರ್‌ನೇಮ್ ಮಾಡಿರುತ್ತಾನೆ, ಇಲ್ಲವೇ ಆ ಜಾಗ ಖಾಲಿ ಬಿಟ್ಟಿರುತ್ತಾನೆ. ಹೀಗೆ ಒಬ್ಬನೇ ಮನುಷ್ಯ ಮೂರು ಕಡೆ ಮೂರು ಜನ ಆಗಿರುತ್ತಾನೆ. ನನ್ನ ಪ್ಯಾನ್ ಅನ್ನು ಪಾಸ್‌ಪೋರ್ಟ್‌ಗೆ ಸರಿಹೊಂದುವಂತೆ ತಿದ್ದಿಸಿದ್ದು ಹೆಸರು ನೋಂದಾಯಿಸುವ ಮೊದಲೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇರುವವರು ಅದನ್ನು ಮೊದಲು ತುಂಬಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ವೀಸಾಗೆ ಅದು ಅಡ್ಡಿಯಲ್ಲ, ಆದರೆ ಅಲ್ಲಿ ಬ್ಯಾಂಕು, ತೆರಿಗೆ, ಸಂಬಳದ ಸಾಫ್ಟ್‌ವೇರ್ ಎಲ್ಲವೂ ಎರಡು ಖಾನೆ ತುಂಬಿದ ಹೆಸರನ್ನೇ ಕೇಳುತ್ತವೆ. ನನ್ನ ಜೊತೆ ಇದ್ದ ತಮಿಳು ಹುಡುಗನೊಬ್ಬನ ಹೆಸರು ಒಂದು ಕಡೆ ಹಿಂದುಮುಂದಾಗಿ, ಇನ್ನೊಂದು ಕಡೆ ಎರಡೆರಡು ಸಲ ಬಿದ್ದು, ಅವನ ಮೊದಲ ವಾರದ ಸಂಬಳ ಬರಲು ತಿಂಗಳು ಹಿಡಿಯಿತು.

ಉಳಿದ ಅರ್ಹತೆ ಸರಳ. ಅರ್ಜಿ ಹಾಕುವಾಗ 18ರಿಂದ 30ರೊಳಗಿನ ವಯಸ್ಸು. ಪಿ.ಯು.ಸಿ. ಆದ ಮೇಲೆ ಕನಿಷ್ಠ ಎರಡು ವರ್ಷದ ಓದು. ಇಂಗ್ಲಿಷ್‌ನಲ್ಲಿ ಕೆಲಸ ನಡೆಸುವಷ್ಟು ಜ್ಞಾನ; ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆ ಬರೆದರೆ ಸರಾಸರಿ 4.5 ಸಾಕು, ವಿಶ್ವವಿದ್ಯಾಲಯಕ್ಕೆ ಓದಲು ಹೋಗುವವರಿಗೆ ಕೇಳುವಷ್ಟು ಬೇಡ. ನಾನು ಹಾಕಿದಾಗ ವೀಸಾ ಶುಲ್ಕ 650 ಡಾಲರ್ ಇತ್ತು. ಇದಲ್ಲದೆ ಮೊದಮೊದಲ ಖರ್ಚಿಗೆಂದು 5,000 ಡಾಲರ್, ವಾಪಸ್ ಟಿಕೆಟ್‌ಗೆ ಬೇಕಾದ ದುಡ್ಡು ನಿಮ್ಮ ಕೈಯಲ್ಲಿದೆ ಎಂದು ತೋರಿಸಬೇಕು. 5,000 ಡಾಲರ್ ಅಂದರೆ ಆಗ ಎರಡೂಮುಕ್ಕಾಲು ಲಕ್ಷ ರೂಪಾಯಿ ಆಸುಪಾಸು. ಅದನ್ನು ಬರೀ ತೋರಿಸಲು ಅಂದುಕೊಂಡು ಯಾರದ್ದೋ ಖಾತೆಯಿಂದ ಒಂದು ದಿನಕ್ಕೆ ಹಾಕಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಿದವರು ಅಲ್ಲಿ ಇಳಿದ ಮೂರನೇ ವಾರಕ್ಕೆ ಸಾಲ ಕೇಳುತ್ತಿದ್ದರು. ಕೆಲಸ ಸಿಗುವವರೆಗೆ, ಸಿಕ್ಕಿದ ಮೇಲೆ ಮೊದಲ ಸಂಬಳ ಬರುವವರೆಗೆ ಬಾಡಿಗೆ, ಊಟ, ಬಸ್ಸು ಎಲ್ಲ ಅದರಲ್ಲೇ ಆಗಬೇಕು.

ವೀಸಾ ಕೈಗೆ ಬಂದ ಮೇಲೆ ಒಂದು ವರ್ಷದೊಳಗೆ ಆ ದೇಶಕ್ಕೆ ಕಾಲಿಡಬೇಕು. ಕಾಲಿಟ್ಟ ದಿನದಿಂದ 12 ತಿಂಗಳು ಲೆಕ್ಕ. ಹೆಂಡತಿ ಮಕ್ಕಳನ್ನು ಇದರಲ್ಲೇ ಕಟ್ಟಿಕೊಂಡು ಹೋಗಲಾಗದು. ನಾಲ್ಕು ತಿಂಗಳವರೆಗೆ ಓದಬಹುದು. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ, ಕೃಷಿ ಕೆಲಸಕ್ಕೆ ಇದರಲ್ಲಿ ಸಡಿಲಿಕೆ ಇದೆ. ಇದು ನೆಲೆಸಲು ಕೊಡುವ ವೀಸಾ ಅಲ್ಲ ಎಂಬುದು ಈ ಷರತ್ತುಗಳಲ್ಲೇ ಗೊತ್ತಾಗುತ್ತದೆ. ಪಿ.ಆರ್. ಆಸೆಗೆ ಹೋಗುವುದಾದರೆ ದಾರಿ ಬೇರೆ, ಖರ್ಚು ಬೇರೆ.

ಹೊರಡುವ ಹಿಂದಿನ ದಿನ ಅವ್ವ ಚಟ್ನಿಪುಡಿ, ಹುರಿಗಡಲೆ, ಸಾರಿನ ಪುಡಿ, ಒಂದು ಡಬ್ಬಿ ತುಪ್ಪ, ನೆರಳಲ್ಲಿ ಒಣಗಿಸಿದ ಕರಿಬೇವು ಎಲ್ಲ ಕಟ್ಟಿದರು. ಕರಿಬೇವು, ತುಪ್ಪ ನಾನೇ ತೆಗೆದಿಟ್ಟೆ. "ಎಲೆ ತಗೊಂಡು ಏನ್ ಮಾಡ್ತಾರವ್ವ ಅವರು, ಕಸದ ಬುಟ್ಟಿಗೆ ಹಾಕ್ತಾರೆ" ಅಂದರೆ ಅವ್ವನಿಗೆ ನಂಬಿಕೆ ಬರಲಿಲ್ಲ. ಕೀಟ, ರೋಗ ಬರುತ್ತದೆಂದು ಹೊರಗಿನ ಎಲೆ, ಬೀಜ, ಹಾಲಿನ ಪದಾರ್ಥದ ಬಗ್ಗೆ ಆ ದೇಶಕ್ಕೆ ವಿಪರೀತ ಭಯ. ವಿಮಾನದಲ್ಲಿ ತುಂಬಿಸುವ ಕಾರ್ಡಿನಲ್ಲಿ ತಿನ್ನುವ ಸಾಮಾನಿದೆಯೇ ಎಂಬ ಪ್ರಶ್ನೆ ಇರುತ್ತದೆ. ಇದ್ದರೆ ಇದೆ ಅಂತಲೇ ಗುರುತು ಹಾಕಿ. ಹಾಕಿದವರ ಚೀಲ ಬಿಚ್ಚಿ ನೋಡಿ, ಬೇಡದ್ದನ್ನು ತೆಗೆದು ಕಳಿಸುತ್ತಾರೆ. ಮುಚ್ಚಿಟ್ಟವರಿಗೆ ಅಲ್ಲೇ ದಂಡ. ನನ್ನ ಪುಡಿಗಳನ್ನು ಅಧಿಕಾರಿಣಿಯೊಬ್ಬರು ಒಂದೊಂದಾಗಿ ಎತ್ತಿ ನೋಡಿ, ಮೂಸಿ, ಸೀನಿ, ವಾಪಸ್ ಕೊಟ್ಟರು.

ಬೆಂಗಳೂರಿನಿಂದ ಸಿಡ್ನಿಗೆ ಆಗ ನೇರ ವಿಮಾನವಿತ್ತು. ನಾನು ಸಿಂಗಪುರ ಸುತ್ತಿಕೊಂಡು ಹೋದೆ, ಅಗ್ಗವಾಯಿತು. ಇಳಿದದ್ದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರಕ್ಕಿರುವ ಕೇರ್ನ್ಸ್ ಊರಿನಲ್ಲಿ. ಮೊದಲ ವಾರದ ಕೆಲಸಗಳು: ಸಿಮ್, ಬ್ಯಾಂಕ್ ಖಾತೆ, ಟಿ.ಎಫ್.ಎನ್. ಇದು ತೆರಿಗೆ ನಂಬರು, ನಮ್ಮ ಪ್ಯಾನ್ ಇದ್ದಂತೆ. ತೆರಿಗೆ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇದಕ್ಕೂ ದುಡ್ಡು ಕೇಳುವ ಮಧ್ಯವರ್ತಿ ಜಾಲತಾಣಗಳಿವೆ, ಅತ್ತ ಹೋಗಬೇಡಿ. ವಿಮೆಯನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಿ. ಇಂಗ್ಲೆಂಡ್, ಇಟಲಿಯ ಹುಡುಗರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಒಪ್ಪಂದದ ಮೇಲೆ ಚಿಕಿತ್ಸೆ ಸಿಗುತ್ತದೆ, ಭಾರತದೊಂದಿಗೆ ಅಂಥ ಒಪ್ಪಂದ ಇಲ್ಲ. ಜ್ವರ ಬಂದು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೂ ಬಿಲ್ಲು ನಮ್ಮದೇ.

ಇನ್ನು ಕೆಲಸ. ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಹೋದವರಲ್ಲಿ ಅರ್ಧ ಜನ ಎಡವುವುದು ಇಲ್ಲೇ.

ಹೊಲ ತೋಟಗಳ ಕೆಲಸವನ್ನು ಎಷ್ಟೋ ಕಡೆ ರೈತರು ನೇರವಾಗಿ ಕೊಡುವುದಿಲ್ಲ. ನಡುವೆ ಮೇಸ್ತ್ರಿ ಇರುತ್ತಾನೆ. ಅವನನ್ನು ಅಲ್ಲಿ ಕಾಂಟ್ರಾಕ್ಟರ್ ಅನ್ನುತ್ತಾರೆ, ಕೆಲಸ ಮಾತ್ರ ನಮ್ಮ ಮೇಸ್ತ್ರಿಯದ್ದೇ: ಆಳು ಕೂಡಿಸುವುದು, ವ್ಯಾನಿನಲ್ಲಿ ಕರೆದೊಯ್ಯುವುದು, ನಡುವೆ ಒಂದಿಷ್ಟು ಹಿಡಿದುಕೊಳ್ಳುವುದು. ಕ್ವೀನ್ಸ್‌ಲ್ಯಾಂಡಿನಲ್ಲಿ ಹೀಗೆ ಆಳು ಒದಗಿಸುವವರಿಗೆ 2018ರಿಂದ ಲೈಸೆನ್ಸ್ ಕಡ್ಡಾಯ. ಲೈಸೆನ್ಸ್ ಇರುವವರ ಪಟ್ಟಿ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಫೋನ್ ನಂಬರ್ ಕೊಟ್ಟವನ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕುವುದಕ್ಕೆ ಎರಡು ನಿಮಿಷ ಸಾಕು.

ಟಲ್ಲಿಗೆ ಹೋಗುವ ಮೊದಲು ಇನ್ನೊಂದು ಊರಿನಲ್ಲಿ ತರಕಾರಿ ಪ್ಯಾಕ್ ಮಾಡುವ ಕೆಲಸಕ್ಕೆ ನನಗೊಬ್ಬ ಮೇಸ್ತ್ರಿ ಸಿಕ್ಕಿದ್ದ. ನಮ್ಮ ದೇಶದವನೇ, ಹಿಂದಿಯಲ್ಲಿ "ಭಾಯಿ" ಅಂತಲೇ ಮಾತು. "ಟಿ.ಎಫ್.ಎನ್. ಎಲ್ಲ ಬೇಡ, ಎ.ಬಿ.ಎನ್. ಮಾಡಿಸಿಕೊಂಡು ಬಾ, ತಾಸಿಗೆ 22 ಕೊಡ್ತೀನಿ" ಅಂದ. ಎ.ಬಿ.ಎನ್. ಅಂದರೆ ಸ್ವಂತ ವ್ಯವಹಾರ ನಡೆಸುವವರ ನಂಬರು. ಅದನ್ನು ಕೊಟ್ಟರೆ ಕಾಗದದ ಮೇಲೆ ನಾನು ಅವನ ಆಳೇ ಅಲ್ಲ, ನಾನೇ ಒಂದು ಕಂಪನಿ! ಆಗ ಕನಿಷ್ಠ ಕೂಲಿಯೂ ಇಲ್ಲ, ಪೆಟ್ಟಾದರೆ ಪರಿಹಾರವೂ ಇಲ್ಲ, ನಿವೃತ್ತಿ ನಿಧಿಯೂ ಇಲ್ಲ. ಅವನು ಹೇಳಿದ ಹೊತ್ತಿಗೆ ಬಂದು, ಅವನ ಚಾಕುವಿನಲ್ಲೇ, ಅವನು ತೋರಿಸಿದ ಕೆಲಸ ಮಾಡುವವನು ಕಾನೂನಿನ ಕಣ್ಣಿಗೆ ಆಳೇ, ಎಂಥ ನಂಬರ್ ಕೊಟ್ಟರೂ.

ನಾನು ಟಿ.ಎಫ್.ಎನ್. ಮೇಲೆಯೇ ಬರುತ್ತೇನೆ ಅಂದೆ. ಆಳಿಲ್ಲದೆ ಒದ್ದಾಡುತ್ತಿದ್ದವನು ಹೂಂ ಅಂದ. ವಾರದ ಕೊನೆಗೆ ಬಂದ ಹಣ ಮಾತ್ರ ಅದೇ 22ರ ಲೆಕ್ಕದ್ದು, ಸಂಬಳ ಚೀಟಿಯೂ ಇಲ್ಲ. ಲೆಕ್ಕ ಬರೆದು ಬದುಕಿದ ಕೈ ನನ್ನದು. ದಿನಾ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ನಡುವೆ ಎಷ್ಟು ಬಿಡುವು, ಯಾವ ಶೆಡ್, ಯಾರು ಮೇಲ್ವಿಚಾರಕ ಅಂತ ಬರೆದಿಟ್ಟಿದ್ದೆ. ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದ ಪಾಳಿಯ ಪಟ್ಟಿಯ ಫೋಟೋ ಕೂಡ ಇತ್ತು. ಆಗ ದೇಶದ ಕನಿಷ್ಠ ಕೂಲಿ ತಾಸಿಗೆ 24.10 ಡಾಲರ್. ಕಾಯಂ ಅಲ್ಲದ, ಕರೆದಾಗ ಬರುವ ಆಳಿಗೆ ರಜೆ ಸೌಲಭ್ಯ ಇಲ್ಲದ್ದಕ್ಕೆ ಅದರ ಮೇಲೆ ಶೇ. 25 ಸೇರುತ್ತದೆ. ಅಲ್ಲಿಗೆ 30 ದಾಟುತ್ತದೆ. ಇಷ್ಟನ್ನೂ ಹಾಕಿ ಮೆಸೇಜ್ ಕಳಿಸಿದೆ. ಅವನ ಉತ್ತರ: "ಜಾಸ್ತಿ ಮಾತಾಡಿದ್ರೆ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ."

ಈ ಒಂದು ಬೆದರಿಕೆಗೆ ಎಷ್ಟು ಹುಡುಗರು ಬಾಯಿ ಮುಚ್ಚಿಕೊಂಡು ಹೋಗಿದ್ದಾರೋ. ಮಾಲೀಕನಾಗಲಿ ಮೇಸ್ತ್ರಿಯಾಗಲಿ ಯಾರ ವೀಸಾವನ್ನೂ ರದ್ದು ಮಾಡಲಾರ. ಅದು ಸರ್ಕಾರದ ಕೆಲಸ. ಅಷ್ಟೇ ಅಲ್ಲ, ವೀಸಾ ಹೆಸರಿನಲ್ಲಿ ಹೆದರಿಸಿ ಆಳನ್ನು ದುಡಿಸುವುದನ್ನು 2024ರ ಜುಲೈನಿಂದ ಅಪರಾಧ ಮಾಡಿದ್ದಾರೆ. ಕೂಲಿಯ ತಕರಾರು ನೋಡುವ ಕಚೇರಿಯ ಹೆಸರು ಫೇರ್ ವರ್ಕ್ ಒಂಬುಡ್ಸ್‌ಮನ್, ಫೋನ್ 13 13 94. ಇಂಗ್ಲಿಷ್ ತೊಡಕಾದರೆ 13 14 50ಕ್ಕೆ ಮಾಡಿ ದುಭಾಷಿ ಕೇಳಬಹುದು. ನಾನು ಅವರೊಂದಿಗೆ ಮಾತಾಡಿ, ಅವರು ಹೇಳಿದಂತೆ ಬಾಕಿಯ ಲೆಕ್ಕವನ್ನು ಇಮೇಲ್‌ನಲ್ಲಿ ಬರೆದು, ಇಂಥ ದಿನದೊಳಗೆ ಕೊಡದಿದ್ದರೆ ದೂರು ಕೊಡುತ್ತೇನೆ ಎಂದು ಕಳಿಸಿದೆ. ಆ ಗಡುವಿನ ಹಿಂದಿನ ದಿನ ಹಣ ಬಂತು. ಜೊತೆಗಿದ್ದ ಇಬ್ಬರು ನನ್ನಷ್ಟೇ ತಾಸು ದುಡಿದಿದ್ದರು, ಬರೆದಿಟ್ಟಿರಲಿಲ್ಲ. ಅವರಿಗೆ ಬಂದದ್ದು ಅರ್ಧಂಬರ್ಧ. ನಮ್ಮ ಅಪ್ಪನ ತೋಟಕ್ಕೆ ಬರುವ ಆಳುಗಳು ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಎಳೆದು ಹಾಜರಿ ಇಡುತ್ತಿದ್ದರು. ಅದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು.

ಟಲ್ಲಿ ಊರು ಕೇರ್ನ್ಸ್‌ನಿಂದ ದಕ್ಷಿಣಕ್ಕೆ ಸುಮಾರು 140 ಕಿ.ಮೀ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಬ್ಬು, ಬಾಳೆ, ನಡುವೆ ಸಕ್ಕರೆ ಕಾರ್ಖಾನೆ. ಊರೊಳಗೆ ಬಂಗಾರದ ಬಣ್ಣದ ಒಂದು ರಾಕ್ಷಸ ಗಮ್‌ಬೂಟು ನಿಲ್ಲಿಸಿದ್ದಾರೆ, ಎತ್ತರ 7.9 ಮೀಟರ್. 1950ರಲ್ಲಿ ಅಲ್ಲಿ ಸುರಿದ ಮಳೆಯ ಅಳತೆ ಅದು, 7,900 ಮಿ.ಮೀ. ನಮ್ಮ ಆಗುಂಬೆಯವರು ಬಂದರೆ ಪಂದ್ಯ ಕಟ್ಟಬಹುದು. ನನ್ನಂಥ ಬಯಲುಸೀಮೆ ಅಂಚಿನವನಿಗೆ ಮಾತ್ರ ಬಟ್ಟೆ ಒಣಗುವುದು ಅಂದರೇನು ಎಂಬುದೇ ಮರೆತುಹೋಯಿತು. ಸಾಮಾನು ಕಟ್ಟುವಾಗ ಚಳಿಗೆಂದು ಜಾಕೆಟ್ ತುಂಬುವ ಬದಲು ಬೇಗ ಒಣಗುವ ತೆಳು ಅಂಗಿ ಹೆಚ್ಚು ತುಂಬಿ. ಗಮ್‌ಬೂಟು, ರೈನ್‌ಕೋಟು ಅಲ್ಲೇ ಕೊಳ್ಳಿ. ಊರಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಹಿಂದಿನ ವರ್ಷದವರು ಬಿಟ್ಟುಹೋದದ್ದು ಐದು ಹತ್ತು ಡಾಲರಿಗೆ ಸಿಗುತ್ತದೆ.

ಆಸ್ಟ್ರೇಲಿಯಾದ ಬಾಳೆಯಲ್ಲಿ ಬಹುಪಾಲು ಬೆಳೆಯುವುದು ಈ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲೇ. ಕೆವೆಂಡಿಶ್ ಜಾತಿ, ನಮ್ಮ ಪಚ್ಚಬಾಳೆಯ ಕುಲ. ತೋಟದ ಗೇಟಿನಲ್ಲಿ ಮೊದಲ ದಿನ ನನ್ನನ್ನು ನಿಲ್ಲಿಸಿದ್ದು ಒಂದು ತೊಟ್ಟಿ. ಔಷಧಿ ನೀರು ತುಂಬಿದ್ದರು. ಬೂಟಿನ ಅಡಿಯ ಮಣ್ಣನ್ನು ಬ್ರಷ್‌ನಲ್ಲಿ ಉಜ್ಜಿ, ಆ ನೀರಿನಲ್ಲಿ ನಿಂತು, ಆಮೇಲೆ ಒಳಗೆ. ಹೊರಗಿನ ವಾಹನ ತೋಟದೊಳಕ್ಕೆ ಬರುವಂತಿಲ್ಲ. ಕಾರಣ ಪನಾಮ ಸೊರಗು ರೋಗ. ಅದರ ಹೊಸ ತಳಿಯೊಂದು 2015ರಲ್ಲಿ ಟಲ್ಲಿಯ ತೋಟದಲ್ಲಿ ಕಾಣಿಸಿಕೊಂಡಿತು. ಮಣ್ಣಿನಲ್ಲಿ ಬದುಕುವ ಶಿಲೀಂಧ್ರ ಅದು, ಒಮ್ಮೆ ಹೊಕ್ಕರೆ ದಶಕಗಟ್ಟಲೆ ಇರುತ್ತದೆ, ಔಷಧಿ ಇಲ್ಲ. ಬೂಟಿಗೆ ಅಂಟಿದ ಒಂದು ಉಂಡೆ ಮಣ್ಣು ಸಾಕು.

ಪನಾಮ ಅಂದ ಕೂಡಲೇ ನನಗೆ ವಿವರಣೆ ಬೇಕಾಗಲಿಲ್ಲ. ನಂಜನಗೂಡಿನ ರಸಬಾಳೆಯನ್ನು ತಿಂದದ್ದು ಇದರ ಅಣ್ಣನೇ. ತಾತನ ಕಾಲದಲ್ಲಿ ತೋಟ ತೋಟವೇ ರಸಬಾಳೆ ಇತ್ತಂತೆ, ನಾನು ಕಂಡದ್ದು ಬೇಲಿ ಪಕ್ಕದ ನಾಲ್ಕಾರು ಬುಡ. ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು ಕಾಂಡದ ಸುತ್ತ ಲಂಗದ ಹಾಗೆ ಇಳಿಬೀಳುತ್ತದೆ. ದಿಂಡು ಕತ್ತರಿಸಿದರೆ ಒಳಗೆ ಕಂದು ಉಂಗುರ. ನಮ್ಮಲ್ಲಿ ರೋಗದ ಗಿಡದ ಪಕ್ಕದ ಕಂದನ್ನೇ ಕಿತ್ತು ನೆಂಟರಿಗೆ ಕೊಡುತ್ತೇವೆ. ಅಲ್ಲಿ ರೋಗ ಕಂಡ ತೋಟದಿಂದ ಒಂದು ಎಲೆ ಹೊರಗೆ ಹೋಗಲು ಬಿಡುವುದಿಲ್ಲ. ಸೂಪರ್‌ವೈಸರ್ ಹೆಂಗಸು, ಅರವತ್ತರ ಹತ್ತಿರದವರು, ನನ್ನ ಬೂಟಿನ ಗೀರುಗಳಲ್ಲಿ ಉಳಿದ ಮಣ್ಣನ್ನು ಕಡ್ಡಿಯಿಂದ ತೆಗೆದು ತೋರಿಸಿ ಮತ್ತೆ ತೊಳೆಯಲು ಕಳಿಸಿದರು. ಕಿರಿಕಿರಿ ಅನ್ನಿಸಲಿಲ್ಲ. ನಮ್ಮೂರಿಗೆ ಇಂಥವರೊಬ್ಬರು ಐವತ್ತು ವರ್ಷದ ಹಿಂದೆ ಬೇಕಿತ್ತು.

ತೋಟದಲ್ಲಿ ಕೆಲಸ ಎರಡು ಬಗೆ. ಬಯಲಿನಲ್ಲಿ ಗೊನೆ ಇಳಿಸುವುದು, ಶೆಡ್ಡಿನಲ್ಲಿ ಪ್ಯಾಕ್ ಮಾಡುವುದು. ಬಯಲಿನಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬ ಕಾಂಡಕ್ಕೆ ಕಚ್ಚು ಹಾಕುತ್ತಾನೆ, ಗಿಡ ನಿಧಾನಕ್ಕೆ ಬಾಗುತ್ತದೆ, ಪ್ಲಾಸ್ಟಿಕ್ ಚೀಲ ಹೊದ್ದ ಗೊನೆ ಇನ್ನೊಬ್ಬನ ಹೆಗಲ ಮೇಲೆ ಬಂದು ಕೂರುತ್ತದೆ. ಆ ಕ್ಷಣ ಮೊಣಕಾಲು ಸ್ವಲ್ಪ ಬಗ್ಗಿರಬೇಕು, ನೆಟ್ಟಗೆ ನಿಂತರೆ ಸೊಂಟಕ್ಕೆ ಏಟು. ದೊಡ್ಡ ಗೊನೆ ಐವತ್ತು ಕಿಲೋ ದಾಟುತ್ತದೆ. ಹೆಗಲ ಮೇಲೆ ಬಂದ ಮೇಲೆ ಕಚ್ಚು ಹಾಕಿದವನು ಗೊನೆಯ ಕಾವು ಕತ್ತರಿಸುತ್ತಾನೆ, ಹೊತ್ತವನು ಕೆಸರಿನಲ್ಲಿ ಟ್ರೈಲರ್‌ವರೆಗೆ ನಡೆದು ಮೆತ್ತಗೆ ಇಳಿಸಬೇಕು. ಚೀಲದೊಳಗೆ ಕಪ್ಪೆ, ಜೇಡ, ಒಮ್ಮೊಮ್ಮೆ ಹಾವು. ಕಪ್ಪೆ ಕೊರಳಿಗೆ ಹಾರಿದರೂ ಗೊನೆ ಎತ್ತಿ ಹಾಕುವಂತಿಲ್ಲ, ಕಾಯಿ ಜಜ್ಜಿದರೆ ಕಪ್ಪಗಾಗಿ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ.

ನನ್ನ ಹೆಗಲು ಕೆಲವು ವಾರ ತಡೆಯಿತು, ಆಮೇಲೆ ಶೆಡ್ಡಿಗೆ ಕೇಳಿಕೊಂಡೆ. ಕೇಳಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಗಟ್ಟಿಮುಟ್ಟಾದ ಫ್ರೆಂಚ್ ಹುಡುಗರೂ ಕೇಳಿದರು. ಅಲ್ಲಿ ಗೊನೆಗಳು ಕೊಕ್ಕೆಗೆ ನೇತುಬಿದ್ದು ಸಾಲಾಗಿ ಬರುತ್ತವೆ. ಬಾಗಿದ ಚಾಕುವಿನಲ್ಲಿ ಚಿಪ್ಪು ಬಿಡಿಸಿ ನೀರಿನ ತೊಟ್ಟಿಗೆ ಬಿಡುತ್ತಾರೆ. ಮುಂದಿನವರು ಐದಾರು ಕಾಯಿಯ ಗುಂಪು ಮಾಡುತ್ತಾರೆ. ಕೊನೆಗೆ ಉದ್ದ, ದಪ್ಪ, ಕಲೆ ನೋಡಿ 15 ಕಿಲೋದ ಪೆಟ್ಟಿಗೆಗೆ ಸಾಲುಸಾಲಾಗಿ ಜೋಡಿಸಬೇಕು. ಎಲ್ಲವೂ ಹಸಿರು ಕಾಯಿ, ಹಣ್ಣು ಮಾಡುವುದು ದೂರದ ನಗರಗಳ ಗೋದಾಮಿನಲ್ಲಿ. ಸ್ವಲ್ಪ ಡೊಂಕಾದರೂ, ಚುಕ್ಕೆ ಇದ್ದರೂ ಎಸೆಯುವ ಬೆಲ್ಟಿಗೆ. ಆ ಬೆಲ್ಟಿನಲ್ಲಿ ಹೋಗುತ್ತಿದ್ದ ಕಾಯಿ ನೋಡಿದ್ದರೆ ನಮ್ಮಪ್ಪ ಬೆಲ್ಟಿನ ಕೊನೆಯಲ್ಲಿ ಗೋಣಿಚೀಲ ಹಿಡಿದು ನಿಲ್ಲುತ್ತಿದ್ದರು. ಬಾಳೆ ಕರೆ ಬಟ್ಟೆಯಿಂದ ಹೋಗುವುದಿಲ್ಲ ಎಂಬುದು ನಮಗೆ ಗೊತ್ತಿರುವ ವಿಷಯ. ತೈವಾನಿನ ಹುಡುಗಿಯೊಬ್ಬಳು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಳು, ಪಾಪ.

ಒಂದು ಎಚ್ಚರಿಕೆ. ಆ ತೋಟಗಳಲ್ಲಿ ಇಲಿ ಬಹಳ, ಮಳೆ ಬಹಳ, ಹಾಗಾಗಿ ಇಲಿ ಜ್ವರ ಇದೆ. ಕೈಕಾಲಿನ ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿಕೊಂಡೇ ಇಳಿಯಿರಿ, ಊಟಕ್ಕೆ ಮುಂಚೆ ಕೈ ಉಜ್ಜಿ ತೊಳೆಯಿರಿ. ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ಬಾಳೆತೋಟದಲ್ಲಿ ಕೆಲಸ" ಎಂದು ಮೊದಲು ಹೇಳಿ. ಕೆಲಸದಲ್ಲಿ ಆದ ಗಾಯಕ್ಕೆ, ಕಾಯಿಲೆಗೆ ಕ್ವೀನ್ಸ್‌ಲ್ಯಾಂಡಿನಲ್ಲಿ ಮಾಲೀಕರು ಕಟ್ಟುವ ವಿಮೆ ಇದೆ, ವೀಸಾ ಯಾವುದು ಎಂದು ಅದು ನೋಡುವುದಿಲ್ಲ. ಅದೇ ದಿನ ಮೇಲ್ವಿಚಾರಕರಿಗೆ ತಿಳಿಸಿ ಬರೆಸಿಬಿಡಿ.

ನಾವು ಇದ್ದದ್ದು ಕೆಲಸಗಾರರ ಹಾಸ್ಟೆಲಿನಲ್ಲಿ. ಒಂದು ಕೋಣೆಗೆ ನಾಲ್ಕು ಮಂಚ, ವಾರಕ್ಕೆ 200 ಡಾಲರ್ ಮೇಲೆ. ಕೆಲಸ ಹುಡುಕಿಕೊಡುವುದೂ ಹಾಸ್ಟೆಲಿನವರೇ. ಇದರಲ್ಲಿ ಅನುಕೂಲವಿದೆ, ಉರುಳೂ ಇದೆ: ಕೆಲಸ ಇಲ್ಲದ ವಾರವೂ "ಇವತ್ತು ನಾಳೆ ಬರುತ್ತೆ" ಎಂದು ಬಾಡಿಗೆ ಕಟ್ಟಿಸಿಕೊಳ್ಳುತ್ತಾರೆ. ಅಡ್ವಾನ್ಸ್ ಕೊಡುವ ಮುಂಚೆ ಅಲ್ಲಿರುವವರನ್ನೇ, ಅಡುಗೆಮನೆಯಲ್ಲಿ, ಹೋದ ವಾರ ಎಷ್ಟು ದಿನ ಕೆಲಸ ಸಿಕ್ಕಿತು ಎಂದು ಕೇಳಿ. ಅಡುಗೆಮನೆ ಅಲ್ಲಿನ ಅರಳಿಕಟ್ಟೆ. ಯಾವ ತೋಟದಲ್ಲಿ ಸಂಬಳ ಚೀಟಿ ಸರಿಯಾಗಿ ಕೊಡುತ್ತಾರೆ, ಯಾವ ಮೇಸ್ತ್ರಿ ಓಡಿಹೋದ, ಯಾವ ಊರಲ್ಲಿ ಮಾವು ಶುರುವಾಯಿತು ಎಲ್ಲ ಅಲ್ಲೇ ಗೊತ್ತಾಗುವುದು. ನಾನು ಒಂದು ಭಾನುವಾರ ಎಸೆಯುವ ಬಾಳೆಕಾಯಿ ತಂದು ಬಜ್ಜಿ ಮಾಡಿದೆ, ಆಮೇಲೆ ಸುದ್ದಿಯೆಲ್ಲ ಮೊದಲು ನನಗೇ ಬರುತ್ತಿತ್ತು.

ಉಳಿತಾಯ ಎಷ್ಟು ಅಂತ ಕೇಳುವವರಿಗೆ: ಪೂರ್ತಿ ವಾರ, 38 ತಾಸು ಸಿಕ್ಕರೆ ಆಗಿನ ಕೂಲಿಯಲ್ಲಿ ಸುಮಾರು 1,140 ಡಾಲರ್. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ. 15 ತೆರಿಗೆ, 45,000 ಡಾಲರ್‌ವರೆಗೆ. ಬಾಡಿಗೆ, ಊಟ, ಫೋನು, ತೋಟಕ್ಕೆ ಕರೆದೊಯ್ಯುವ ವ್ಯಾನು ಕಳೆದರೆ ಐನೂರರ ಆಸುಪಾಸು ಉಳಿಯುತ್ತದೆ. ಚೆನ್ನಾಗಿದೆ ಅನ್ನಿಸುತ್ತದಲ್ಲ? ಜೋರು ಮಳೆ ಬಂದು ರಸ್ತೆ ಮುಚ್ಚಿದ ವಾರ ಎರಡು ದಿನ ಕೆಲಸ, ಅದರ ಮುಂದಿನ ವಾರ ಮೂರು. ಕರೆದಾಗ ಬರುವ ಆಳಿಗೆ ಕರೆಯದ ದಿನದ ಕೂಲಿ ಇಲ್ಲ. ಹಾಕಿದ ಬಂಡವಾಳ ವಾಪಸ್ ಬಂತು, ದೇಶ ಸುತ್ತಲು ಒಂದಿಷ್ಟು ಉಳಿಯಿತು. ಮನೆ ಕಟ್ಟಿಸುವ ದುಡ್ಡಲ್ಲ ಇದು. ಸಾಲ ಮಾಡಿ ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ.

ಇಂಥ ಗುರುತಿಸಿದ ಪ್ರದೇಶದಲ್ಲಿ, ಗುರುತಿಸಿದ ಕೆಲಸದಲ್ಲಿ ಮೂರು ತಿಂಗಳು ದುಡಿದರೆ ಎರಡನೇ ವೀಸಾಗೆ ಅರ್ಜಿ ಹಾಕಬಹುದು. ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ ಇದು 88 ದಿನದ ಲೆಕ್ಕ. ತೋಟವೇ ಆಗಬೇಕೆಂದಿಲ್ಲ, ಉತ್ತರದ ಊರುಗಳಲ್ಲಿ ಹೋಟೆಲ್, ಪ್ರವಾಸೋದ್ಯಮದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಬೆನ್ನು ನೋವಿರುವವರು ಕೇರ್ನ್ಸ್ ಕಡೆಯ ಹೋಟೆಲುಗಳಲ್ಲಿ ಕೇಳಿ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಚೀಟಿ ಕೊಡಬೇಕೆಂದು ಕಾನೂನಿದೆ. ಆ ಚೀಟಿಗಳೇ ಮುಂದಿನ ವೀಸಾಗೆ ಪುರಾವೆ, ನಗದಿನಲ್ಲಿ ಇಸಿದುಕೊಂಡ ಕೂಲಿಗೆ ಪುರಾವೆ ಎಲ್ಲಿಂದ ತರುತ್ತೀರಿ?

ಅಲ್ಲಿಂದ ಹೊರಡುವ ಹೊತ್ತಿಗೆ ನೆನಪಿಡಬೇಕಾದದ್ದು ಎರಡು. ಅಲ್ಲಿನ ಹಣಕಾಸು ವರ್ಷ ಜುಲೈನಿಂದ ಜೂನ್, ತೆರಿಗೆ ಲೆಕ್ಕ ಒಪ್ಪಿಸಲು ಅಕ್ಟೋಬರ್ 31 ಕೊನೆ. ಇನ್ನೊಂದು, ಸೂಪರ್ ಎಂದು ಕರೆಯುವ ನಿವೃತ್ತಿ ನಿಧಿ. ನಮ್ಮ ಪಿ.ಎಫ್. ಥರದ್ದು, ಆದರೆ ಪೂರ್ತಿ ಮಾಲೀಕರೇ ಕೂಲಿಯ ಮೇಲೆ ಕಟ್ಟಬೇಕು. 2025ರ ಜುಲೈನಿಂದ ಅದು ಶೇ. 12. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಇದನ್ನು ವಾಪಸ್ ಕೇಳಬಹುದು. ಈ ವೀಸಾದವರಿಂದ ಅದರಲ್ಲಿ ಶೇ. 65 ತೆರಿಗೆ ಹಿಡಿದುಕೊಳ್ಳುತ್ತಾರೆ, ಕೇಳಿದವರಿಗೆ ಹೊಟ್ಟೆ ಉರಿಯುತ್ತದೆ. ಉಳಿದ ಮೂವತ್ತೈದನ್ನಾದರೂ ಬಿಡಬೇಡಿ. ಅಲ್ಲಿನ ಸರ್ಕಾರಿ ಖಾತೆಗೆ ಒ.ಟಿ.ಪಿ. ಬರುವುದು ಅಲ್ಲಿನ ಮೊಬೈಲ್ ನಂಬರಿಗೆ. ಅದಕ್ಕೇ ಹೊರಡುವ ಮೊದಲೇ ಇಮೇಲ್, ಪಾಸ್‌ಪೋರ್ಟ್ ವಿವರ, ಸೂಪರ್ ಖಾತೆಯ ಸಂಖ್ಯೆ ಎಲ್ಲ ಒಂದು ಕಡೆ ಬರೆದಿಟ್ಟುಕೊಳ್ಳಿ, ಸಿಮ್ಮನ್ನು ಕಡಿಮೆ ದರದ ಪ್ಲಾನಿಗೆ ಹಾಕಿ ಚಾಲ್ತಿಯಲ್ಲಿಡಿ, ಬ್ಯಾಂಕ್ ಖಾತೆಯನ್ನು ಆ ಹಣ ಬರುವವರೆಗೆ ಮುಚ್ಚಬೇಡಿ.